ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿ ಪಿಎಚ್.ಡಿ. ಪಡೆಯಲು ನಿಜವಾಗಿ ಏನೇನು ಬೇಕು?

ನಾಪೋಕ್ಲು ಬೆಳೆಗಾರ
ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಕೆಮಿಕಲ್ ಎಂಜಿನಿಯರಿಂಗ್‌ನಲ್ಲಿ ಬಿ.ಇ. ಮತ್ತು ಎಂ.ಟೆಕ್. ಮುಗಿಸಿದ್ದಾಳೆ. ಪೆಟ್ರೋಲಿಯಂ ಎಂಜಿನಿಯರಿಂಗ್‌ನಲ್ಲಿಯೇ ಪಿಎಚ್.ಡಿ. ಮಾಡಬೇಕೆಂದು ಹಟ ಹಿಡಿದಿದ್ದಾಳೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಪುತ್ತರಿಗೆ ಮನೆಗೆ ಬಂದ ನೆಂಟರಲ್ಲಿ ಒಬ್ಬರು ಗೇಟ್ (ಎಂಜಿನಿಯರಿಂಗ್ ಉನ್ನತ ವ್ಯಾಸಂಗದ ರಾಷ್ಟ್ರೀಯ ಅರ್ಹತಾ ಪರೀಕ್ಷೆ) ಇಲ್ಲದೆ ಬಾಗಿಲೇ ತೆರೆಯುವುದಿಲ್ಲ ಎಂದರು. ಇನ್ನೊಬ್ಬರು ಎರಡು ಸಂಶೋಧನಾ ಲೇಖನ ಪ್ರಕಟವಾಗದಿದ್ದರೆ ಪದವಿಯೇ ಸಿಗದು ಎಂದರು. ಮತ್ತೊಬ್ಬರು ಮಂಗಳೂರಿನ ರಿಫೈನರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲಿಂದಲೇ ಮಾಡಿಕೊಳ್ಳಲಿ ಎಂದು ತೀರ್ಪು ಕೊಟ್ಟರು. ಅರ್ಹತೆ, ಅವಧಿ, ಖರ್ಚು, ಪದವಿ ಕೈಗೆ ಬರುವ ಮುನ್ನ ದಾಟಬೇಕಾದ ಹಂತಗಳು, ಇವುಗಳನ್ನು ತಿಳಿದವರು ಬರೆದರೆ ಉಪಕಾರವಾಗುತ್ತದೆ. ಕೆಮಿಕಲ್ ಓದಿದವರನ್ನು ಆ ವಿಭಾಗದವರು ತೆಗೆದುಕೊಳ್ಳುತ್ತಾರೆಯೇ ಎಂಬುದು ಮೊದಲ ಪ್ರಶ್ನೆ.

ಧನಬಾದ್ ಹಳಬ
ತೆಗೆದುಕೊಳ್ಳುತ್ತಾರೆ. ಕೆಮಿಕಲ್, ಮೆಕ್ಯಾನಿಕಲ್, ಭೂವಿಜ್ಞಾನ, ಗಣಿ ವಿಭಾಗಗಳಿಂದ ಬಂದವರು ನಮ್ಮ ಪ್ರಯೋಗಾಲಯದಲ್ಲಿ ಪೆಟ್ರೋಲಿಯಂ ಓದಿದವರಿಗಿಂತ ಕಡಿಮೆಯೇನೂ ಇರಲಿಲ್ಲ. ಧನಬಾದಿನ ಸಂಸ್ಥೆ 1926ರಲ್ಲಿ ಗಣಿ ಶಾಲೆಯಾಗಿ ಆರಂಭವಾಗಿ 2016ರಲ್ಲಿ ಐಐಟಿಯಾಯಿತು. ಪೆಟ್ರೋಲಿಯಂ ವಿಭಾಗ ಅಲ್ಲಿ 1957ರಿಂದಲೂ ಇದೆ. ಇದಲ್ಲದೆ ಅಮೇಠಿ ಜಿಲ್ಲೆಯ ಜಾಯಸ್‌ನಲ್ಲಿರುವ ರಾಜೀವ್ ಗಾಂಧಿ ಪೆಟ್ರೋಲಿಯಂ ಸಂಸ್ಥೆ, ವಿಶಾಖಪಟ್ಟಣದ ಭಾರತೀಯ ಪೆಟ್ರೋಲಿಯಂ ಮತ್ತು ಇಂಧನ ಸಂಸ್ಥೆ, ಗಾಂಧಿನಗರ ಮತ್ತು ಡೆಹ್ರಾಡೂನ್‌ನ ಖಾಸಗಿ ವಿಶ್ವವಿದ್ಯಾಲಯಗಳು ಇವೆ. ಐಐಟಿ ಮದ್ರಾಸಿನಲ್ಲಿ ಈ ವಿಷಯ ಸಾಗರ ಎಂಜಿನಿಯರಿಂಗ್ ವಿಭಾಗದೊಳಗೆ ಸೇರಿಕೊಂಡಿದೆ, ಹೆಸರು ನೋಡಿ ಮುಂದೆ ಹೋಗಬೇಡಿ.

ಇನ್ನು ಅರ್ಹತೆ. ಐಐಟಿಗಳು ಸಾಮಾನ್ಯವಾಗಿ ಎಂ.ಟೆಕ್.ನಲ್ಲಿ ಪ್ರಥಮ ದರ್ಜೆಯನ್ನು ಕೇಳುತ್ತವೆ, ಪರಿಶಿಷ್ಟರಿಗೆ ಅದರಲ್ಲಿ ಸಡಿಲಿಕೆ ಇದೆ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ವ್ಯಾಪ್ತಿಯ ವಿಶ್ವವಿದ್ಯಾಲಯಗಳಲ್ಲಿ 2022ರ ನಿಯಮದಂತೆ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಸಾಕು. ನಾಲ್ಕು ವರ್ಷದ ಪದವಿಯಿಂದ ನೇರವಾಗಿ ಬರುವವರಿಗೆ ಶೇ. 75 ಬೇಕು. ಮೀಸಲಾತಿಯುಳ್ಳವರಿಗೆ ಎರಡರಲ್ಲೂ ಶೇ. 5ರ ರಿಯಾಯಿತಿ ಇದೆ.

ಗೋಣಿಕೊಪ್ಪ ಮೇಷ್ಟ್ರು
ಮಾನ್ಯರೇ, ಗೇಟ್ ವಿಷಯವನ್ನು ಬಿಟ್ಟಿರಿ. ಪೆಟ್ರೋಲಿಯಂಗೆಂದೇ ಪ್ರತ್ಯೇಕ ಗೇಟ್ ಪತ್ರಿಕೆ 2017ರಿಂದ ಇದೆ. ಆ ಹುಡುಗಿ ಅದನ್ನು ಬರೆಯಲೇಬೇಕು. ಹಾಗೆಯೇ ಎರಡು ಲೇಖನ ಪ್ರಕಟವಾಗದೆ ಪ್ರಬಂಧ ಸಲ್ಲಿಸಲು ಯಾರೂ ಬಿಡುವುದಿಲ್ಲ. ನೆಂಟರು ಹೇಳಿದ್ದು ಸರಿಯಾಗಿಯೇ ಇದೆ.

ಧನಬಾದ್ ಹಳಬ
ಎರಡೂ ಅರ್ಧ ಸರಿ, ಅರ್ಧ ತಪ್ಪು. ಎಂ.ಟೆಕ್. ಆದವರಿಗೆ ಹಲವು ಕಡೆ ಗೇಟ್ ಕಡ್ಡಾಯವಲ್ಲ. ಸಂಸ್ಥೆಯದೇ ಲಿಖಿತ ಪರೀಕ್ಷೆ ಮತ್ತು ಸಂದರ್ಶನ ಇರುತ್ತದೆ. ಬಿ.ಟೆಕ್.ನಿಂದ ನೇರವಾಗಿ ಬರುವವರನ್ನು ಮಾತ್ರ ಗೇಟ್ ಹೆಚ್ಚು ಕಾಡುತ್ತದೆ. ಬರೆದರೂ ಕೆಮಿಕಲ್ ಪತ್ರಿಕೆಯ ಅಂಕವನ್ನು ಒಪ್ಪುವ ಪೆಟ್ರೋಲಿಯಂ ವಿಭಾಗಗಳಿವೆ. ಅಂಕ ಮೂರು ವರ್ಷ ಊರ್ಜಿತವಾಗಿರುತ್ತದೆ.

ಲೇಖನದ ವಿಷಯಕ್ಕೆ ಬಂದರೆ, ಯುಜಿಸಿಯ 2022ರ ನಿಯಮಾವಳಿಯು ಪ್ರಬಂಧ ಸಲ್ಲಿಕೆಗೆ ಮುನ್ನ ಲೇಖನ ಪ್ರಕಟವಾಗಿರಲೇಬೇಕೆಂಬ ಹಳೆಯ ಷರತ್ತನ್ನು ಕೈಬಿಟ್ಟಿದೆ. ಆದರೆ ಐಐಟಿಗಳು ತಮ್ಮದೇ ನಿಯಮಗಳಿಂದ ನಡೆಯುತ್ತವೆ, ವಿಶ್ವವಿದ್ಯಾಲಯಗಳೂ ತಮ್ಮ ಷರತ್ತು ಉಳಿಸಿಕೊಳ್ಳಬಹುದು. ಆದ್ದರಿಂದ ಸೇರುವ ಸಂಸ್ಥೆಯ ಪಿಎಚ್.ಡಿ. ನಿಯಮ ಪುಸ್ತಕವನ್ನು ಇಳಿಸಿಕೊಂಡು ಓದಬೇಕೇ ಹೊರತು ಹಬ್ಬಕ್ಕೆ ಬಂದವರ ಮಾತನ್ನು ನಂಬಬಾರದು.

ಗೋಣಿಕೊಪ್ಪ ಮೇಷ್ಟ್ರು
ನಿಯಮದಲ್ಲಿ ಇಲ್ಲದಿದ್ದರೂ ಗೈಡ್ ಬಿಡುವುದಿಲ್ಲ ಎಂಬುದು ನನ್ನ ಮಾತಿನ ತಾತ್ಪರ್ಯ. ಅದನ್ನು ನೀವೂ ಅಲ್ಲಗಳೆಯಲಾರಿರಿ.

ಕುಶಾಲನಗರದ ರಿಗ್‌ನವನು
ರಿಫೈನರಿಯ ಸಲಹೆ ಕೊಟ್ಟ ನೆಂಟರಿಗೆ ಯಾರೂ ಉತ್ತರಿಸಿಲ್ಲ. ರಿಫೈನರಿಯಲ್ಲಿ ನಡೆಯುವುದು ಕೆಮಿಕಲ್ ಎಂಜಿನಿಯರಿಂಗ್. ಪೆಟ್ರೋಲಿಯಂ ಎಂಜಿನಿಯರಿಂಗ್ ಎಂದರೆ ನೆಲದಡಿಯ ಬಂಡೆಯಿಂದ ಕಚ್ಚಾ ತೈಲವನ್ನೂ ಅನಿಲವನ್ನೂ ಬಾವಿಯ ಬಾಯಿಯವರೆಗೆ ತರುವ ವಿದ್ಯೆ. ಕೊರೆಯುವುದು, ಬಾವಿಯನ್ನು ಸಿಮೆಂಟು ಹಾಕಿ ಸಿದ್ಧಪಡಿಸುವುದು, ಉತ್ಪಾದನೆ, ರಿಸರ್ವಾಯರ್ (ತೈಲ ತುಂಬಿರುವ ಶಿಲಾಪದರ) ಲೆಕ್ಕಾಚಾರ, ಎಲ್ಲವೂ ಅದರಲ್ಲಿ ಬರುತ್ತವೆ. ತೈಲ ಹೊರಬಂದು ಪೈಪಿಗೆ ಸೇರಿದ ಮೇಲಿನದು ಬೇರೆಯವರ ಪಾಲು.

ನಾನು ಸಮುದ್ರದ ರಿಗ್‌ನಲ್ಲಿ ಹದಿನಾಲ್ಕು ದಿನ ಕೆಲಸ, ಹದಿನಾಲ್ಕು ದಿನ ರಜೆಯ ಪಾಳಿಯಲ್ಲಿದ್ದೇನೆ. ರಜೆಯ ದಿನಗಳಲ್ಲಿ ಅರೆಕಾಲಿಕ ಪಿಎಚ್.ಡಿ. ಮಾಡಬಹುದೇ? ನನ್ನದೊಂದು ಪ್ರಶ್ನೆಯೂ ಇದರೊಳಗೆ ಸೇರಲಿ.

ಧನಬಾದ್ ಹಳಬ
ಅರೆಕಾಲಿಕಕ್ಕೆ ಅವಕಾಶವಿದೆ. ಉದ್ಯೋಗದಾತರ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು. ಸಂಶೋಧನೆಗೆ ಸಮಯ ಕೊಡಲು ಅನುಮತಿ ಇದೆ, ಅಗತ್ಯವಾದರೆ ಕೋರ್ಸ್‌ವರ್ಕ್ (ತರಗತಿಯ ಪಾಠಗಳು) ಮುಗಿಸಲು ಕೆಲಸದಿಂದ ಬಿಡುಗಡೆ ಮಾಡುತ್ತೇವೆ ಎಂದು ಅದರಲ್ಲಿ ಬರೆದಿರಬೇಕು. ಅಂಚೆ ಅಥವಾ ಆನ್‌ಲೈನ್ ಮೂಲಕ ಪಿಎಚ್.ಡಿ. ಕೊಡುತ್ತೇವೆ ಎಂಬ ಜಾಹೀರಾತುಗಳಿಗೆ ಮಾತ್ರ ಮರುಳಾಗಬೇಡಿ. ಅದಕ್ಕೆ ಮಾನ್ಯತೆ ಇಲ್ಲ.

ಮಡಿಕೇರಿ ಮಂಜು
ಎಣ್ಣೆಯ ಹನಿಯೂ ಇಲ್ಲದ ಕೊಡಗಿನವರಿಗೆ ಈ ವಿದ್ಯೆ ಏಕೆ ಎಂದು ಕೇಳಿದರೆ ಯಾರೂ ಬೇಸರಪಡಬಾರದು.

ಕಕ್ಕಬೆಯ ಭೂವಿಜ್ಞಾನಿ
ಬೇಸರವಿಲ್ಲ, ಪ್ರಶ್ನೆ ಒಳ್ಳೆಯದೇ. ನಮ್ಮ ಕಾಲಡಿಯಲ್ಲಿರುವುದು 300 ಕೋಟಿ ವರ್ಷಗಳಷ್ಟು ಹಳೆಯ, ಆಳದ ಕಾವಿನಲ್ಲಿ ರೂಪುಗೊಂಡ ನೈಸ್ ಮತ್ತು ಚಾರ್ನೊಕೈಟ್ ಶಿಲೆ. ತೈಲ ಹುಟ್ಟಲು ಸಾವಯವ ಪದಾರ್ಥ ಬೆರೆತ ಕೆಸರು ಪದರಪದರವಾಗಿ ಕೂಡಿ, ಹೂತು, ಬೇಯಬೇಕು. ಇಂತಹ ಶಿಲೆಯಲ್ಲಿ ಅದು ಸಾಧ್ಯವಿಲ್ಲ. ಆದರೆ ತಲಕಾವೇರಿಯಲ್ಲಿ ಹುಟ್ಟುವ ನದಿ ಸಮುದ್ರ ಸೇರುವ ಕಡೆ ತೈಲವಿದೆ. ನಾಗಪಟ್ಟಣಂ ಸುತ್ತಿನ ನರಿಮಣಂ ಮೊದಲಾದ ಕ್ಷೇತ್ರಗಳನ್ನು ಕಾವೇರಿ ಜಲಾನಯನ (ಕೆಸರು ತುಂಬಿದ ನೆಲದಡಿಯ ತಗ್ಗು) ಎಂದೇ ತೈಲದವರು ಕರೆಯುತ್ತಾರೆ.

ಮಡಿಕೇರಿ ಮಂಜು
ಹಾಗಾದರೆ ನಮ್ಮ ಬೆಟ್ಟದ ಮಣ್ಣು ಹರಿದು ಹೋಗಿ ಅಲ್ಲಿ ಎಣ್ಣೆಯಾಯಿತು ಎನ್ನಿ!

ಕಕ್ಕಬೆಯ ಭೂವಿಜ್ಞಾನಿ
ಹಾಗಲ್ಲ. ಆ ಜಲಾನಯನ ರೂಪುಗೊಂಡದ್ದು ಗೊಂಡ್ವಾನ ಭೂಖಂಡ ಬಿರಿಯುವ ಕಾಲದಲ್ಲಿ, ಜುರಾಸಿಕ್ ಯುಗದ ಕೊನೆಯಿಂದ ಕ್ರಿಟೇಷಿಯಸ್ ಯುಗದ ಆರಂಭದವರೆಗೆ. ತೈಲದ ಮೂಲಶಿಲೆಗಳೂ ಬಹುಮಟ್ಟಿಗೆ ಆ ಬಿರುಕಿನಲ್ಲಿ ತುಂಬಿದ ಹಳೆಯ ಕೆಸರೇ ಆಗಿವೆ. ಇಂದಿನ ಕಾವೇರಿ ಅದರ ಮೇಲೆ ಹರಿಯುವ ನದಿ ಮಾತ್ರ. ಬೆಳೆಗಾರರ ಮಗಳಿಗೆ ಈ ಮಾತನ್ನು ಬೇಕೆಂದೇ ಹೇಳುತ್ತಿದ್ದೇನೆ. ಕೆಮಿಕಲ್‌ನಿಂದ ಬರುವವರು ಎಡವುವುದು ಗಣಿತದಲ್ಲಲ್ಲ, ಭೂವಿಜ್ಞಾನದಲ್ಲಿ. ಶಿಲೆಯ ರಂಧ್ರಗಳು ಹೇಗಿವೆ, ಅದರಲ್ಲಿ ಜೇಡಿ ಖನಿಜ ಎಷ್ಟಿದೆ, ಸ್ತರಭಂಗ (ಶಿಲಾಪದರ ಬಿರಿದು ಜರುಗಿದ ಜಾಗ) ತೈಲವನ್ನು ತಡೆಯುತ್ತದೆಯೋ ಸೋರಗೊಡುತ್ತದೆಯೋ ಎಂಬುದನ್ನು ಓದಿಕೊಳ್ಳದೆ ಸಂದರ್ಶನಕ್ಕೆ ಹೋದರೆ ಮೊದಲ ಹತ್ತು ನಿಮಿಷದಲ್ಲೇ ಗೊತ್ತಾಗಿಬಿಡುತ್ತದೆ.

ಟೆಕ್ಸಾಸ್‌ನ ಪೊನ್ನಂಪೇಟೆಯವನು
ಅಮೆರಿಕದ ಲೆಕ್ಕವನ್ನೂ ಸೇರಿಸುತ್ತೇನೆ. ಇಲ್ಲಿ ಕ್ರೆಡಿಟ್‌ಗಳ ಹೊರೆ ಹೆಚ್ಚು. ಉದಾಹರಣೆಗೆ ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದಲ್ಲಿ ಬರೀ ಸ್ನಾತಕ ಪದವಿಯಿಂದ ಬಂದವರಿಗೆ 96 ಕ್ರೆಡಿಟ್ ಗಂಟೆ, ಸ್ನಾತಕೋತ್ತರ ಪದವಿ ಇರುವವರಿಗೆ 64 ಗಂಟೆ. ಸಂಶೋಧನೆಯ ಕ್ರೆಡಿಟ್‌ಗಳೂ ಅದರಲ್ಲೇ ಸೇರಿವೆ. ಪೆಟ್ರೋಲಿಯಂ ಓದದವರಿಗೆ ರಿಸರ್ವಾಯರ್, ಡ್ರಿಲ್ಲಿಂಗ್, ವೆಲ್ ಲಾಗಿಂಗ್ (ಬಾವಿಯೊಳಗೆ ಉಪಕರಣ ಇಳಿಸಿ ಶಿಲೆಯನ್ನು ಅಳೆಯುವುದು) ಮುಂತಾದ ಸ್ನಾತಕ ಮಟ್ಟದ ಪಾಠಗಳನ್ನು ಮೊದಲು ಮುಗಿಸಿ ಬರುವಂತೆ ವಿಭಾಗಗಳು ಹೇಳುವುದುಂಟು. ಬಳಿಕ ಅರ್ಹತಾ ಪರೀಕ್ಷೆ, ಸಮಿತಿಯ ಮುಂದೆ ಸಂಶೋಧನಾ ಪ್ರಸ್ತಾವ, ಕೊನೆಗೆ ಪ್ರಬಂಧದ ಸಾರ್ವಜನಿಕ ಸಮರ್ಥನೆ.

ಶುಲ್ಕ ಮನ್ನಾ ಮತ್ತು ಸಹಾಯಕ ವೇತನ ಇಲ್ಲದೆ ಬರುವುದು ಬೇಡ. ಕಾಫಿ ತೋಟ ಅಡವಿಟ್ಟು ಪಿಎಚ್.ಡಿ. ಮಾಡುವ ಅಗತ್ಯ ಯಾವ ದೇಶದಲ್ಲೂ ಇಲ್ಲ. ಹಣ ಕೊಡದ ಪ್ರವೇಶಪತ್ರವನ್ನು ನಿರಾಕರಣೆ ಎಂದೇ ತಿಳಿಯಬೇಕು.

ಗೋಣಿಕೊಪ್ಪ ಮೇಷ್ಟ್ರು
ಅಮೆರಿಕವೊಂದೇ ಏಕೆ? ನಾರ್ವೆಯಲ್ಲಿ ಪಿಎಚ್.ಡಿ. ವಿದ್ಯಾರ್ಥಿ ಸಂಬಳ ಪಡೆಯುವ ನೌಕರ. ಮೂರು ವರ್ಷದ ಅವಧಿ, ಕೋರ್ಸ್‌ವರ್ಕ್ 30 ಕ್ರೆಡಿಟ್. ಬಾಕಿಯೆಲ್ಲ ಸಂಶೋಧನೆ. ಹುದ್ದೆಯ ಜಾಹೀರಾತು ಬಂದಾಗ ಅರ್ಜಿ ಹಾಕಬೇಕಷ್ಟೆ.

ಟೆಕ್ಸಾಸ್‌ನ ಪೊನ್ನಂಪೇಟೆಯವನು
ಆ "ಅಷ್ಟೆ" ಎಂಬುದರಲ್ಲಿ ಒಂದೊಂದು ಹುದ್ದೆಗೆ ಸಾಲುಗಟ್ಟಿ ನಿಲ್ಲುವವರನ್ನು ಮರೆತಿದ್ದೀರಿ.

ನಾಪೋಕ್ಲು ಬೆಳೆಗಾರ
ಎಲ್ಲರಿಗೂ ಧನ್ಯವಾದ. ವಿದೇಶದ ಮಾತನ್ನು ಸದ್ಯಕ್ಕೆ ಬದಿಗಿಡೋಣ. ಅಜ್ಜಿಗೆ ಹುಷಾರಿಲ್ಲದ ಕಾರಣ ಅವಳಿಗೆ ದೂರ ಹೋಗುವ ಮನಸ್ಸಿಲ್ಲ. ನಮ್ಮ ದೇಶದಲ್ಲಿ ಸೇರಿದರೆ ಎಷ್ಟು ವರ್ಷ ಹಿಡಿಯುತ್ತದೆ, ಕೈಗೆ ಎಷ್ಟು ಸಿಗುತ್ತದೆ, ಮದುವೆ ಮಕ್ಕಳು ಎಂದಾದರೆ ನಡುವೆ ನಿಲ್ಲಿಸಬೇಕಾಗುತ್ತದೆಯೇ ಎಂಬುದನ್ನು ತಿಳಿಸಿ. ಕೊನೆಯ ಪ್ರಶ್ನೆ ನನ್ನದಲ್ಲ, ನನ್ನ ಹೆಂಡತಿಯದು.

ಪ್ರಯೋಗಾಲಯದವಳು
ನಾನು ಸೋಮವಾರಪೇಟೆಯವಳು. ಇದೇ ವಿಷಯದಲ್ಲಿ ಪ್ರಬಂಧದ ಕೊನೆಯ ಅಧ್ಯಾಯ ಬರೆಯುತ್ತಿದ್ದೇನೆ. ನಿಯಮದಂತೆ ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ. ಮರುನೋಂದಣಿಯಿಂದ ಇನ್ನೆರಡು ವರ್ಷ ಪಡೆಯಬಹುದು, ಮಹಿಳೆಯರಿಗೆ ಅದರ ಮೇಲೆ ಮತ್ತೆರಡು ವರ್ಷದ ಸಡಿಲಿಕೆ ಇದೆ. ಹೆರಿಗೆ ಮತ್ತು ಶಿಶುಪಾಲನೆಗೆ ಇಡೀ ಅವಧಿಯಲ್ಲಿ 240 ದಿನಗಳ ರಜೆ ಸಿಗುತ್ತದೆ. ಇದು ಯುಜಿಸಿ ನಿಯಮ, ಐಐಟಿಗಳದು ಬೇರೆ. ಫೆಲೋಶಿಪ್ 2023ರ ಜನವರಿಯಿಂದ ಮೊದಲೆರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ. ಆದರೆ ಎಲ್ಲ ಖಾಸಗಿ ವಿಶ್ವವಿದ್ಯಾಲಯಗಳೂ ಇಷ್ಟು ಕೊಡುವುದಿಲ್ಲ, ಕೇಳಿಕೊಂಡೇ ಸೇರಬೇಕು.

ಹಂತಗಳು ಎಲ್ಲೆಡೆ ಹೆಚ್ಚು ಕಡಿಮೆ ಒಂದೇ. ಸೇರಿದೊಡನೆ ಕೋರ್ಸ್‌ವರ್ಕ್ ಇರುತ್ತದೆ. ಯುಜಿಸಿ ಪ್ರಕಾರ ಕನಿಷ್ಠ 12 ಕ್ರೆಡಿಟ್. ಸಂಶೋಧನಾ ನೀತಿಯ ಪಾಠವೂ ಅದರಲ್ಲಿ ಕಡ್ಡಾಯ. ಆಮೇಲೆ ಅನೇಕ ಸಂಸ್ಥೆಗಳಲ್ಲಿ ಸಮಗ್ರ ಪರೀಕ್ಷೆ, ಸಲಹಾ ಸಮಿತಿಯ ಮುಂದೆ ಆರು ತಿಂಗಳಿಗೊಮ್ಮೆ ಪ್ರಗತಿ ವರದಿ, ಪ್ರಬಂಧದ ಸಾರಾಂಶ, ಕೃತಿಚೌರ್ಯ ತಪಾಸಣೆ, ಕನಿಷ್ಠ ಇಬ್ಬರು ಹೊರಗಿನ ಪರೀಕ್ಷಕರ ಮೌಲ್ಯಮಾಪನ, ವೈವಾ. ಕಾಗದದಲ್ಲಿ ಇಷ್ಟೇ. ನಿಜವಾಗಿ ವರ್ಷಗಳನ್ನು ನುಂಗುವುದು ಇದ್ಯಾವುದೂ ಅಲ್ಲ.

ನನ್ನ ಕೆಲಸ ಕೋರ್ ಫ್ಲಡ್ಡಿಂಗ್, ಅಂದರೆ ಕೋರ್ ಎಂಬ ಬಂಡೆಯ ತುಂಡಿನೊಳಗೆ ಉಳಿದ ತೈಲವನ್ನು ಪಾಲಿಮರ್ ಬೆರೆತ ನೀರಿನಿಂದ ಹೊರದೂಡುವುದು. ರಾಜಸ್ಥಾನದ ಮಂಗಳಾ ತೈಲಕ್ಷೇತ್ರದಲ್ಲಿ ದೊಡ್ಡ ಪ್ರಮಾಣದಲ್ಲಿ ಇದನ್ನೇ ಮಾಡುತ್ತಿದ್ದಾರೆ. ನನ್ನ ಮೇಜಿನ ಮೇಲಿರುವುದು 38 ಮಿಲಿಮೀಟರ್ ವ್ಯಾಸದ ಮರಳುಗಲ್ಲಿನ ಉರುಳೆ. ಅದನ್ನು ಮೊದಲು ಟಾಲ್ವೀನ್ ಆವಿಯಲ್ಲಿ ತೊಳೆಯಬೇಕು. ಇಳಿದು ಬರುವ ದ್ರವ ಕಂದು ಬಣ್ಣ ಬಿಟ್ಟು ತಿಳಿಯಾಗುವವರೆಗೂ ಕಾಯಬೇಕು. ಒಣಗಿಸಿ, ನಿರ್ವಾತದಲ್ಲಿ ಗಾಳಿ ತೆಗೆದು, ಉಪ್ಪುನೀರು ತುಂಬಿಸಿ, ರಬ್ಬರ್ ತೋಳಿನೊಳಗೆ ಕೂರಿಸಿ, ಸುತ್ತಲಿನಿಂದ ಒತ್ತಡ ಕೊಟ್ಟು, ಪಂಪನ್ನು ನಿಮಿಷಕ್ಕೆ ಅರ್ಧ ಮಿಲಿಲೀಟರಿನಂತೆ ಬಿಡುತ್ತೇವೆ. ಉಪ್ಪಿನ ಪ್ರಮಾಣ ತಪ್ಪಿದರೆ ಒಳಗಿನ ಜೇಡಿ ಉಬ್ಬಿ ರಂಧ್ರ ಮುಚ್ಚಿಕೊಳ್ಳುತ್ತದೆ. ಒತ್ತಡ ಏರುತ್ತಲೇ ಹೋಗುತ್ತದೆ. ಆ ಉರುಳೆಯ ಕಥೆ ಮುಗಿಯಿತು. ರಾತ್ರಿ ಒಂದು ಫಿಟ್ಟಿಂಗ್ ಸೋರಿದರೆ ಬೆಳಿಗ್ಗೆ ಬಂದು ಮೊದಲಿನಿಂದ ಶುರು ಮಾಡಬೇಕು. ಬಿಡಿಭಾಗ ವಿದೇಶದಿಂದ ಬರಬೇಕಾದರೆ ಟೆಂಡರು, ಕಸ್ಟಮ್ಸ್ ಎಂದು ತಿಂಗಳುಗಳು ಹೋಗುತ್ತವೆ.

ಆದ್ದರಿಂದ ಬೆಳೆಗಾರರ ಮಗಳು ಸೇರುವ ಮುನ್ನ ಗೈಡನ್ನು ಕೇಳಬೇಕಾದ ಪ್ರಶ್ನೆ ಅಂಕದ್ದೂ ಅಲ್ಲ, ಶುಲ್ಕದ್ದೂ ಅಲ್ಲ. ಕೋರ್ ಎಲ್ಲಿಂದ ಬರುತ್ತದೆ, ಯಂತ್ರ ಈಗ ಓಡುತ್ತಿದೆಯೇ, ದತ್ತಾಂಶ ಯಾರು ಕೊಡುತ್ತಾರೆ ಎಂದು ಕೇಳಲಿ.

ಗೋಣಿಕೊಪ್ಪ ಮೇಷ್ಟ್ರು
ಸೇರುವ ಮುನ್ನವೇ ಗೈಡ್‌ಗೆ ಇಂತಹ ಪ್ರಶ್ನೆ ಕೇಳಿದರೆ ಉದ್ಧಟಳೆಂದು ತಿಳಿದಾರು.

ಪ್ರಯೋಗಾಲಯದವಳು
ತಿಳಿಯುವವರ ಬಳಿ ಸೇರದಿರುವುದೇ ಒಳ್ಳೆಯದು. ನನ್ನ ಗೆಳತಿಯೊಬ್ಬಳು ಬೇರೊಂದು ಕಡೆ ಸೇರಿದಾಗ, ಕಂಪನಿಯೊಂದು ಬಾವಿಯ ದತ್ತಾಂಶ ಕೊಡುತ್ತದೆ ಎಂಬ ಬಾಯಿಮಾತಿನ ಮೇಲೆಯೇ ವಿಷಯ ನಿಗದಿಯಾಗಿತ್ತು. ಗೋಪ್ಯತೆಯ ಒಪ್ಪಂದಕ್ಕೆ ಸಹಿ ಬೀಳಲೇ ಇಲ್ಲ. ಎರಡನೆಯ ವರ್ಷ ಕಳೆದ ಮೇಲೆ ಅವಳು ವಿಷಯ ಬದಲಿಸಬೇಕಾಯಿತು. ಇನ್ನೊಂದು ಮಾತು: ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದಿರುವ ಪ್ರಾಧ್ಯಾಪಕರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಪ್ರಾಧ್ಯಾಪಕರಿಗೆ ಎಂಟು, ಸಹಪ್ರಾಧ್ಯಾಪಕರಿಗೆ ಆರು, ಸಹಾಯಕ ಪ್ರಾಧ್ಯಾಪಕರಿಗೆ ನಾಲ್ಕು ಮಂದಿ ಎಂಬ ಮಿತಿಯೂ ಇದೆ. ಗೈಡ್ ಬಳಿ ಜಾಗವಿದೆಯೇ ಎಂದು ಕೇಳುವುದು ಉದ್ಧಟತನವಾಗಲಾರದು.

ಕುಶಾಲನಗರದ ರಿಗ್‌ನವನು
ದತ್ತಾಂಶದ ಮಾತು ನೂರಕ್ಕೆ ನೂರು ಸರಿ. ಕಂಪನಿಗಳಿಗೆ ಬಾವಿಯ ಲಾಗ್ ಎಂದರೆ ಆಸ್ತಿಪತ್ರ. ನಮ್ಮಲ್ಲಿ ಹೈಡ್ರೋಕಾರ್ಬನ್ ಮಹಾನಿರ್ದೇಶನಾಲಯವು 2017ರಲ್ಲಿ ರಾಷ್ಟ್ರೀಯ ದತ್ತಾಂಶ ಭಂಡಾರವನ್ನು ತೆರೆದಿದೆ, ಗೈಡ್ ಮತ್ತು ಸಂಸ್ಥೆಯ ಮೂಲಕ ಅಲ್ಲಿ ವಿಚಾರಿಸಬಹುದು. ಅದಕ್ಕೂ ಮುಂಚೆ ಕಲಿಯಲು ನಾರ್ವೆಯ ವೋಲ್ವೆ ತೈಲಕ್ಷೇತ್ರದ ದತ್ತಾಂಶ ಇದೆ. 2008ರಿಂದ 2016ರವರೆಗೆ ಉತ್ಪಾದನೆ ನಡೆದು ಮುಚ್ಚಿದ ಕ್ಷೇತ್ರ ಅದು. 2018ರಲ್ಲಿ ಇಕ್ವಿನಾರ್ ಕಂಪನಿ ಅದರ ಸುಮಾರು 40,000 ಕಡತಗಳನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಸಿಮ್ಯುಲೇಷನ್ (ತೈಲದ ಹರಿವನ್ನು ಗಣಕದಲ್ಲಿ ಅನುಕರಿಸುವುದು) ಕಲಿಯಲು ದುಬಾರಿ ತಂತ್ರಾಂಶ ಬೇಕಿಲ್ಲ. ಎಂಆರ್‌ಎಸ್‌ಟಿ, ಒಪಿಎಂ ಮುಂತಾದವು ಉಚಿತ. ನಾಪೋಕ್ಲುವಿನಲ್ಲಿ ಕರೆಂಟು ಇರುವಷ್ಟು ಹೊತ್ತು ಕೂತು ಕಲಿಯಬಹುದು.

ನಾಪೋಕ್ಲು ಬೆಳೆಗಾರ
ಮಳೆಗಾಲದಲ್ಲಾದರೆ ಆ ಕೊನೆಯ ಷರತ್ತೇ ಎಲ್ಲಕ್ಕಿಂತ ಕಠಿಣ.

ವಿರಾಜಪೇಟೆ ಓದುಗ
ಎಲ್ಲರೂ ಹೇಗೆ ಸೇರುವುದು ಎಂದು ಹೇಳುತ್ತಿದ್ದೀರಿ, ಏಕೆ ಸೇರಬೇಕು ಎಂದು ಯಾರೂ ಹೇಳುತ್ತಿಲ್ಲ. 2020ರ ಏಪ್ರಿಲ್ 20ರಂದು ಅಮೆರಿಕದ ತೈಲದ ವಾಯಿದಾ ಬೆಲೆ ಸೊನ್ನೆಗಿಂತ ಕೆಳಗೆ, ಬ್ಯಾರೆಲ್‌ಗೆ ಮೈನಸ್ 37 ಡಾಲರ್ ದಾಟಿ ಇಳಿದದ್ದನ್ನು ನೋಡಿದ್ದೇವೆ. ಎಲ್ಲೆಡೆ ವಿದ್ಯುತ್ ವಾಹನಗಳು ಬರುತ್ತಿವೆ. ಐದಾರು ವರ್ಷ ಕಷ್ಟಪಟ್ಟು ಪದವಿ ಪಡೆಯುವ ಹೊತ್ತಿಗೆ ಆ ಉದ್ಯಮವೇ ಬಾಗಿಲು ಹಾಕಿದರೆ ಹೊಣೆ ಯಾರು?

ಕುಶಾಲನಗರದ ರಿಗ್‌ನವನು
ಬೆಲೆ ಬಿದ್ದದ್ದು ಒಂದು ದಿನ. ಭಾರತ ತನಗೆ ಬೇಕಾದ ಕಚ್ಚಾ ತೈಲದ ಬಹುಪಾಲನ್ನು ಇಂದಿಗೂ ಹೊರಗಿನಿಂದಲೇ ತರಿಸಿಕೊಳ್ಳುತ್ತಿದೆ. ಹಳೆಯ ಬಾವಿಗಳಿಂದ ಇನ್ನಷ್ಟು ತೆಗೆಯುವವರು ಬೇಡವಾಗುವ ಕಾಲ ಹತ್ತಿರದಲ್ಲಿಲ್ಲ. ಆದರೂ ಒಂದು ಮಾತು ಸೇರಿಸಬೇಕು: ಒಎನ್‌ಜಿಸಿಯಂತಹ ಕಂಪನಿಯಲ್ಲಿ ಎಂಜಿನಿಯರ್ ಆಗಲು ಪಿಎಚ್.ಡಿ. ಬೇಕಿಲ್ಲ, ಬಿ.ಟೆಕ್. ಮತ್ತು ಆಯ್ಕೆ ಪರೀಕ್ಷೆ ಸಾಕು. ಕ್ಷೇತ್ರದ ಕೆಲಸವೇ ಗುರಿಯಾಗಿದ್ದರೆ ಈ ಪದವಿ ಸುತ್ತುಬಳಸಿನ ದಾರಿ.

ಕಕ್ಕಬೆಯ ಭೂವಿಜ್ಞಾನಿ
ವಿರಾಜಪೇಟೆಯವರ ಆತಂಕ ಸುಳ್ಳಲ್ಲ, ಆದರೆ ವಿದ್ಯೆ ತೈಲಕ್ಕೆ ಮಾತ್ರ ಅಂಟಿಕೊಂಡಿಲ್ಲ. ರಂಧ್ರವಿರುವ ಮಾಧ್ಯಮದಲ್ಲಿ ದ್ರವ ಹೇಗೆ ಹರಿಯುತ್ತದೆ ಎಂಬ ನಿಯಮವನ್ನು ಡಾರ್ಸಿ 1856ರಲ್ಲಿ ಪ್ರಕಟಿಸಿದ್ದು ಫ್ರಾನ್ಸಿನ ದಿಜಾನ್ ಪಟ್ಟಣದ ಕುಡಿಯುವ ನೀರಿನ ಕೆಲಸದ ಸಂದರ್ಭದಲ್ಲಿ, ತೈಲಕ್ಕಾಗಿ ಅಲ್ಲ. ಅದೇ ನಿಯಮದಿಂದ ಇಂಗಾಲದ ಡೈಆಕ್ಸೈಡನ್ನು ನೆಲದಡಿ ತುಂಬಿಡುವ ಲೆಕ್ಕವನ್ನೂ ಮಾಡುತ್ತಾರೆ. ನಾರ್ವೆಯ ಸ್ಲೈಪ್ನರ್‌ನಲ್ಲಿ 1996ರಿಂದ ಅದು ನಡೆಯುತ್ತಿದೆ. ಭೂಶಾಖದ ಬಾವಿಗಳಿಗೂ ಇದೇ ಓದು ಬೇಕು.

ನಮ್ಮ ಸಮೀಪದಲ್ಲೇ ಒಂದು ಉದಾಹರಣೆ ಇದೆ. ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಬಳಿಯ ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುವ ಗುಹೆಗಳನ್ನು ಗಟ್ಟಿ ಬಂಡೆಯೊಳಗೆ ಕೊರೆದಿದ್ದಾರೆ. ಒಳಗೆ ಉಕ್ಕಿನ ಹೊದಿಕೆ ಇಲ್ಲ. ಸುತ್ತಲಿನ ಬಿರುಕುಗಳಲ್ಲಿ ಅಂತರ್ಜಲದ ಒತ್ತಡವನ್ನು ಒಳಗಿನ ಒತ್ತಡಕ್ಕಿಂತ ಹೆಚ್ಚಿಗೆ ಇಡುತ್ತಾರೆ. ನೀರು ಒಳಕ್ಕೆ ಜಿನುಗುತ್ತದೆಯೇ ಹೊರತು ತೈಲ ಹೊರಕ್ಕೆ ಹೋಗುವುದಿಲ್ಲ. ಒಳಬಂದ ನೀರನ್ನು ಪಂಪು ಮಾಡಿ ತೆಗೆಯುತ್ತಾರೆ. ತೈಲ ಹುಟ್ಟದ ಬಂಡೆಯೇ ತೈಲ ಕಾಯಲು ಸರಿಯಾಗಿ ಒದಗಿದೆ. ಇದರ ಮೇಲೊಂದು ಒಳ್ಳೆಯ ಪ್ರಬಂಧ ಬರೆಯಬಹುದು, ದತ್ತಾಂಶ ಸಿಕ್ಕರೆ.

ಮಡಿಕೇರಿ ಮಂಜು
ಮತ್ತೆ ದತ್ತಾಂಶಕ್ಕೇ ಬಂದು ನಿಂತಿತು.

ಗೋಣಿಕೊಪ್ಪ ಮೇಷ್ಟ್ರು
ಉದ್ಯೋಗದ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. ಐಐಟಿ, ಎನ್‌ಐಟಿಗಳಲ್ಲಿ ಅಧ್ಯಾಪಕಿಯಾಗಲು ಪಿಎಚ್.ಡಿ. ಕಡ್ಡಾಯ. ಸಾಧಾರಣ ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಂ.ಟೆಕ್. ಮೇಲೆ ಸಹಾಯಕ ಪ್ರಾಧ್ಯಾಪಕಿ ಆಗಬಹುದು, ಆದರೆ ಸಹಪ್ರಾಧ್ಯಾಪಕಿ ಹುದ್ದೆಗೆ ಏರಲು ಪಿಎಚ್.ಡಿ. ಬೇಕು. ಆದರೆ ಕೊಡಗಿಗೆ ಮರಳಿ ಕಲಿಸುವ ಆಸೆಯಿದ್ದರೆ ಪೊನ್ನಂಪೇಟೆಯಲ್ಲಾಗಲಿ ಕುಶಾಲನಗರದಲ್ಲಾಗಲಿ ಪೆಟ್ರೋಲಿಯಂ ವಿಭಾಗವಿಲ್ಲ ಎಂಬುದು ನೆನಪಿರಲಿ. ಹುದ್ದೆಯ ಜಾಹೀರಾತಿನಲ್ಲಿ "ಸಂಬಂಧಪಟ್ಟ ವಿಷಯ" ಎಂದು ಬರೆದಿರುತ್ತಾರೆ. ಬಿ.ಇ., ಎಂ.ಟೆಕ್. ಕೆಮಿಕಲ್‌ನಲ್ಲಿದ್ದು ಪಿಎಚ್.ಡಿ. ಪೆಟ್ರೋಲಿಯಂನಲ್ಲಿದ್ದರೆ ಕೆಲವು ಆಯ್ಕೆ ಸಮಿತಿಗಳು ಅದನ್ನೇ ಹಿಡಿದು ಎಳೆದಾಡುತ್ತವೆ.

ಟೆಕ್ಸಾಸ್‌ನ ಪೊನ್ನಂಪೇಟೆಯವನು
ಈ ಬಾರಿ ಮೇಷ್ಟ್ರ ಮಾತನ್ನು ಪೂರ್ತಿ ಒಪ್ಪುತ್ತೇನೆ.

ನಾಪೋಕ್ಲು ಬೆಳೆಗಾರ
ಮಗಳು ಪಕ್ಕದಲ್ಲೇ ಕೂತು ಎಲ್ಲವನ್ನೂ ಓದಿದಳು. ಮುಂದಿನದನ್ನು ಅವಳೇ ಬರೆಯುತ್ತಾಳೆ.

ನಮಸ್ಕಾರ. ನಾನು ಇಬ್ಬರು ಪ್ರಾಧ್ಯಾಪಕರಿಗೆ ಪತ್ರ ಬರೆದಿದ್ದೆ. ಒಬ್ಬರು ಉತ್ತರಿಸಿ, ಪ್ರಯೋಗಾಲಯದಲ್ಲಿ ಅಮೆರಿಕದ ಬೆರಿಯಾ ಮರಳುಗಲ್ಲಿನ ಕೋರ್‌ಗಳಿವೆ, ಕ್ಷೇತ್ರದ ಕೋರ್ ಸಿಗುವ ಭರವಸೆ ಇಲ್ಲ ಎಂದು ನೇರವಾಗಿಯೇ ತಿಳಿಸಿದ್ದಾರೆ. ಇನ್ನೊಬ್ಬರು ಎಲ್ಲವೂ ಇದೆ, ಬಂದು ಸೇರಿಕೊಳ್ಳಿ ಎಂದು ಒಂದೇ ಸಾಲು ಬರೆದಿದ್ದಾರೆ. ಮೊದಲನೆಯವರ ಕಡೆಗೆ ನನ್ನ ಮನಸ್ಸು ವಾಲುತ್ತಿದೆ. ಸಂದರ್ಶನ ಮುಂದಿನ ತಿಂಗಳು. ಏನು ಓದಿಕೊಂಡು ಹೋಗಲಿ?

ಪ್ರಯೋಗಾಲಯದವಳು
ನಿನ್ನ ಒಲವು ಸರಿಯಾಗಿದೆ. ಬೆರಿಯಾ ಕಲ್ಲಿನ ಮೇಲೆ ಅಸಂಖ್ಯ ಪ್ರಬಂಧಗಳು ಬಂದಿವೆ, ಹೋಲಿಕೆಗೆ ಫಲಿತಾಂಶ ಸಿಗುತ್ತದೆ. ಆದರೆ ನಿನ್ನ ಕೆಲಸದಲ್ಲಿ ಹೊಸದೇನು ಎಂದು ಪರೀಕ್ಷಕರು ಕೇಳಿಯೇ ಕೇಳುತ್ತಾರೆ, ಅದಕ್ಕೆ ಉತ್ತರ ಈಗಲೇ ಹುಡುಕಿಕೋ.

ಧನಬಾದ್ ಹಳಬ
ಡಾರ್ಸಿ ನಿಯಮವನ್ನು ಬರೆಯುವುದಷ್ಟೇ ಅಲ್ಲ, ಅದು ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಲು ಬರಬೇಕು: ಬಾವಿಯ ಬಳಿಯ ಅತಿವೇಗದ ಅನಿಲ, ಕಡಿಮೆ ಒತ್ತಡದಲ್ಲಿ ಅನಿಲ ಜಾರುವ ಕ್ಲಿಂಕೆನ್‌ಬರ್ಗ್ ಪರಿಣಾಮ. ಮೆಟೀರಿಯಲ್ ಬ್ಯಾಲೆನ್ಸ್ ಸಮೀಕರಣ (ನೆಲದಡಿಯ ತೈಲದ ಜಮಾಖರ್ಚು), ನೀರು ತೈಲವನ್ನು ತಳ್ಳುವ ಬಗೆಯ 1942ರ ಬಕ್ಲಿ–ಲೆವೆರೆಟ್ ಸಿದ್ಧಾಂತ, ಶಿಲೆಯ ವಿದ್ಯುತ್ ರೋಧದಿಂದ ಅದರಲ್ಲಿನ ನೀರಿನ ಪಾಲು ಲೆಕ್ಕ ಹಾಕುವ ಅದೇ ವರ್ಷದ ಆರ್ಚಿ ಸೂತ್ರ, ಬಾವಿ ಮುಚ್ಚಿದಾಗ ಒತ್ತಡ ಏರುವುದನ್ನು ತೋರಿಸುವ ಹಾರ್ನರ್ ನಕ್ಷೆ, ಇಷ್ಟನ್ನು ಪುಸ್ತಕ ಮುಚ್ಚಿ ಕಾಗದದ ಮೇಲೆ ಬಿಡಿಸುವಷ್ಟು ಓದಿಕೊಳ್ಳಿ. ಕೆಮಿಕಲ್‌ನವರಾದ್ದರಿಂದ ಪ್ರಾವಸ್ಥಾ ಚಿತ್ರದ (ಯಾವ ಒತ್ತಡ, ಉಷ್ಣತೆಯಲ್ಲಿ ದ್ರವ, ಯಾವುದರಲ್ಲಿ ಅನಿಲ ಎಂದು ತೋರಿಸುವ ನಕ್ಷೆ) ಬಗ್ಗೆ ಕೇಳುವುದು ಖಚಿತ. ರೆಟ್ರೊಗ್ರೇಡ್ ಕಂಡೆನ್ಸೇಷನ್ (ಒತ್ತಡ ಇಳಿದಾಗ ಅನಿಲ ದ್ರವವಾಗುವುದು) ತಪ್ಪಿದರೆ ಅವರು ಕ್ಷಮಿಸುವುದಿಲ್ಲ.

ಕಕ್ಕಬೆಯ ಭೂವಿಜ್ಞಾನಿ
ಮರಳುಗಲ್ಲಿಗೂ ಸುಣ್ಣಕಲ್ಲಿಗೂ ರಂಧ್ರಗಳು ಹುಟ್ಟುವ ಬಗೆಯಲ್ಲಿ ಏನು ವ್ಯತ್ಯಾಸ ಎಂಬುದನ್ನು ಸೇರಿಸಿಕೊಳ್ಳಿ. ಬಾಂಬೆ ಹೈ ಸುಣ್ಣಕಲ್ಲು, ಮಂಗಳಾ ಮರಳುಗಲ್ಲು. ಅದೇ ಪ್ರಶ್ನೆ ಬಂದರೆ ಸಿಹಿ ಹಂಚಲು ಕಕ್ಕಬೆಗೆ ಬನ್ನಿ.

ಕುಶಾಲನಗರದ ರಿಗ್‌ನವನು
ನನ್ನ ಆಕ್ಷೇಪಣೆ ಇಲ್ಲದ ಪತ್ರದ ನಮೂನೆ ಯಾರ ಬಳಿಯಾದರೂ ಇದ್ದರೆ ಕಳುಹಿಸಿ, ನಾಳೆ ರಿಗ್‌ಗೆ ಹೊರಡಬೇಕು.